ಉಪ್ಪಿನೊಳಗಿನ ಅಯೋಡಿನ್: ಅದನ್ನು ಆರಿಸಿಕೊಳ್ಳುವ ಮತ್ತು ಅಳತೆಯಿಂದ ಸೇವಿಸುವ ರೀತಿ

ಪ್ರವಾದಿಯಾದ ಎಲೀಷನು ಯೆರಿಕೋವಿನಲ್ಲಿದ್ದಾಗ ಆ ಊರಿನವರು ಅವನ ಬಳಿಗೆ ಬಂದು, ಊರು ಚೆನ್ನಾಗಿದ್ದರೂ ನೀರು ಕೆಟ್ಟದ್ದಾಗಿ ಗರ್ಭಗಳು ನಿಲ್ಲುವದಿಲ್ಲವೆಂದು ದುಃಖದಿಂದ ತಿಳಿಸಿದ ವೃತ್ತಾಂತವನ್ನು ನಮ್ಮ ಸಭೆಗಳವರು ಅರಸುಗಳ ಎರಡನೆಯ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಓದಿರುವರು. ಅವನು ಹೊಸ ಪಾತ್ರೆಯಲ್ಲಿ ಉಪ್ಪನ್ನು ತರಿಸಿ ನೀರಿನ ಬುಗ್ಗೆಯಲ್ಲಿ ಹಾಕಿದನು. ಕರ್ತನು ಆ ನೀರಿನ ದೋಷವನ್ನು ಪರಿಹರಿಸಿದನು. ಆ ಉಪ್ಪಿನಲ್ಲಿ ಅಯೋಡಿನ್ ಇದ್ದಿತೆಂದು ಪ್ರಸಂಗದಲ್ಲಿ ಹೇಳುವವರನ್ನು ನಾವು ಕೇಳಿದ್ದೇವೆ. ವಾಕ್ಯದಲ್ಲಿ ಇಲ್ಲದ್ದನ್ನು ವಾಕ್ಯಕ್ಕೆ ಕೂಡಿಸುವ ಅಧಿಕಾರವು ನಮಗೆ ಯಾರಿಗೂ ಇಲ್ಲ. ಅದು ದೇವರು ಮಾಡಿದ ಅದ್ಭುತವೇ ಸರಿ. ಆದರೆ ಮನೆಯ ಉಪ್ಪಿಗೂ ತಾಯಿಯ ಗರ್ಭಕ್ಕೂ ಸಂಬಂಧವುಂಟೆಂಬದು ಈಚಿನ ನೂರು ವರುಷಗಳಲ್ಲಿ ವೈದ್ಯರ ಪರೀಕ್ಷೆಗಳಿಂದ ಸ್ಪಷ್ಟವಾಗಿದೆ. ಅದನ್ನು ಕುರಿತು ಈ ತಿಂಗಳ ಪಾಠವನ್ನು ಬರೆಯುವದಕ್ಕೆ ನಮ್ಮ ಸಭೆಯಲ್ಲಿ ನಡೆದ ಒಂದು ಸಂಗತಿಯೇ ಕಾರಣ. ಅದರಲ್ಲಿ ತಪ್ಪಿನ ಒಂದು ಪಾಲು ನಮ್ಮದೂ ಆಗಿರುವದರಿಂದ ಮೊದಲು ಅದನ್ನೇ ಹೇಳುತ್ತೇವೆ.

ಅರುವತ್ತೈದು ವರುಷ ದಾಟಿದ ಒಬ್ಬ ತಾಯಿಯು ನಮ್ಮ ಸಭೆಯಲ್ಲಿದ್ದಾರೆ. ಅವರ ಕುತ್ತಿಗೆಯಲ್ಲಿ ಯೌವನಕಾಲದಿಂದಲೂ ಲಿಂಬೆಹಣ್ಣಿನಷ್ಟು ಗಂಟು ಇದೆ. ನೋವಿಲ್ಲ, ನುಂಗುವದಕ್ಕೆ ತೊಂದರೆಯೂ ಇಲ್ಲ. ಪಟ್ಟಣದಲ್ಲಿ ಕೆಲಸಕ್ಕಿರುವ ಅವರ ಮಗನು ಕ್ರಿಸ್ಮಸ್ ಹಬ್ಬಕ್ಕೆ ಬಂದಾಗ ಕಡಲಪಾಚಿಯ ಸತ್ವವೆಂದು ಬರೆದಿದ್ದ ಒಂದು ಸೀಸೆಯನ್ನು ತಂದು, ಇದರಲ್ಲಿ ಅಯೋಡಿನ್ ಇದೆ, ಗಂಟು ಕರಗುವದು, ದಿನಾಲೂ ಹತ್ತು ತೊಟ್ಟು ತೆಗೆದುಕೊಳ್ಳಬೇಕೆಂದು ಹೇಳಿ ಹೋದನು. ನಾವು ಮನೆಭೇಟಿಗೆ ಹೋದ ದಿವಸ ಆ ತಾಯಿಯು ಸೀಸೆಯನ್ನು ನಮ್ಮ ಕೈಗೆ ಕೊಟ್ಟು, "ಉಪದೇಶಿಗಳೇ, ಇದನ್ನು ಕುಡಿಯಬಹುದೋ?" ಎಂದು ಕೇಳಿದರು. ನಾವು ಚೀಟಿಯನ್ನು ಓದದೆ, "ಕುಡಿಯಿರಿ ಅಮ್ಮಾ, ಸಮುದ್ರದಲ್ಲಿ ಬೆಳೆದದ್ದರಿಂದ ಏನು ಕೇಡು?" ಎಂದೆವು.

ಶ್ರಮೆಯ ಕಾಲವು ಬರುವಷ್ಟರಲ್ಲಿ ಅವರು ಬಹಳ ಸೊರಗಿದ್ದರು. ಪವಿತ್ರ ಭೋಜನದ ಪಾತ್ರೆಯನ್ನು ಹಿಡಿದ ಅವರ ಕೈಗಳು ನಡುಗಿದವು. ರಾತ್ರಿಯಲ್ಲಿ ಎದೆ ಬಡಿದುಕೊಳ್ಳುತ್ತದೆ, ನಿದ್ರೆ ಬಾರದು, ತಮ್ಮಲ್ಲಿ ಏನೋ ಅರಿಕೆಮಾಡದ ಪಾಪವಿರಬೇಕೆಂದು ಅಳುತ್ತಾ ನಮ್ಮನ್ನು ಪ್ರಾರ್ಥನೆಗೆ ಕರೆದರು. ನಾವು ಪ್ರಾರ್ಥಿಸಿದೆವು, ಅದು ಸರಿಯೇ. ಆದರೆ ಅಂದು ನಮ್ಮ ಸಂಗಡ ಬಂದಿದ್ದ ದಾದಿಯಾದ ಸಹೋದರಿಯು ಅವರ ಕೈ ಹಿಡಿದು ನಾಡಿಯನ್ನು ಎಣಿಸಿ, ಒಂದು ನಿಮಿಷಕ್ಕೆ ೧೨೪ ಬಡಿತಗಳಿರುವದನ್ನು ಕಂಡು, "ಅಮ್ಮಾ, ಯಾವ ಔಷಧ ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದಳು. ಆಗ ಆ ಸೀಸೆಯು ಹೊರಗೆ ಬಂತು. ರಕ್ತವನ್ನು ಪರೀಕ್ಷಿಸಿದ ವೈದ್ಯರು, ಹಳೆಯ ಗಂಟಿಗೆ ಹಠಾತ್ತಾಗಿ ಹೆಚ್ಚು ಅಯೋಡಿನ್ ದೊರೆತದ್ದರಿಂದ ಅದು ಮಿತಿಮೀರಿ ಕೆಲಸಮಾಡತೊಡಗಿದೆ ಎಂದರು. ಸೀಸೆಯನ್ನು ನಿಲ್ಲಿಸಿ, ಔಷಧವನ್ನು ಕೊಟ್ಟು, ಅವರು ಮೊದಲಿನಂತಾಗುವದಕ್ಕೆ ತಿಂಗಳುಗಳೇ ಹಿಡಿದವು. ಪಾಪವು ಆ ತಾಯಿಯದಾಗಿರಲಿಲ್ಲ.

ಹಾಗಾದರೆ ಅಯೋಡಿನ್ ಎಂಬದು ವಿಷವೋ, ಆಹಾರವೋ? ೧೮೧೧ರಲ್ಲಿ ಫ್ರಾನ್ಸ್ ದೇಶದ ಬೆರ್ನಾರ್ ಕುರ್ತ್ವಾ ಎಂಬವನು ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪಿನ ಕೆಲಸಕ್ಕಾಗಿ ಕಡಲಪಾಚಿಯ ಬೂದಿಯನ್ನು ಉಪಯೋಗಿಸುತ್ತಿದ್ದಾಗ, ಅದರಿಂದ ನೇರಿಳೆ ಬಣ್ಣದ ಹೊಗೆ ಏಳುವದನ್ನು ಕಂಡನು. ಆ ಬಣ್ಣದಿಂದಲೇ, ಗ್ರೀಕ್ ಮಾತಿನಿಂದ, ಅದಕ್ಕೆ ಅಯೋಡಿನ್ ಎಂಬ ಹೆಸರಾಯಿತು. ನಮ್ಮ ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಿನ ಗಡ್ಡೆಯ ಕೆಳಗೆ, ಚಿಟ್ಟೆಯು ರೆಕ್ಕೆ ಬಿಚ್ಚಿದಂತಿರುವ ಥೈರಾಯ್ಡ್ ಎಂಬ ಗ್ರಂಥಿಯುಂಟು. ಅದರೊಳಗೆ ಅಯೋಡಿನ್ ಇರುವದನ್ನು ೧೮೯೫ರಲ್ಲಿ ಜರ್ಮನಿಯ ಬೌಮಾನ್ ಎಂಬ ಪಂಡಿತನು ಕಂಡುಹಿಡಿದನು. ಈ ಗ್ರಂಥಿಯು ಅಯೋಡಿನ್ನಿನಿಂದ ಒಂದು ರಸವನ್ನು ಮಾಡಿ ರಕ್ತದಲ್ಲಿ ಕಳುಹಿಸುತ್ತದೆ. ಒಲೆಯ ಉರಿಯನ್ನು ಏರಿಸಿ ಇಳಿಸುವ ಹಾಗೆ ಆ ರಸವು ದೇಹದ ಕಾವನ್ನೂ ಎದೆಯ ಬಡಿತವನ್ನೂ ಮಕ್ಕಳ ಬೆಳವಣಿಗೆಯನ್ನೂ ನಡಿಸುತ್ತದೆ.

ಇದಕ್ಕೆ ಬೇಕಾಗುವ ಅಳತೆಯಾದರೋ ಆಶ್ಚರ್ಯಕರವಾಗಿ ಸ್ವಲ್ಪ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲುಮಾಡಿದರೆ ಒಂದು ಪಾಲಿಗೆ ಮೈಕ್ರೋಗ್ರಾಮ್ ಎಂದು ಹೆಸರು. ಜಾಗತಿಕ ಆರೋಗ್ಯ ಸಂಸ್ಥೆಯವರು ಗೊತ್ತುಮಾಡಿದ ಪ್ರಕಾರ ಐದು ವರುಷದೊಳಗಿನ ಶಿಶುವಿಗೆ ದಿನಕ್ಕೆ ೯೦, ಆರರಿಂದ ಹನ್ನೆರಡು ವರುಷದ ಮಕ್ಕಳಿಗೆ ೧೨೦, ದೊಡ್ಡವರಿಗೆ ೧೫೦, ಗರ್ಭಿಣಿಯರಿಗೂ ಮೊಲೆಯುಣಿಸುವ ತಾಯಂದಿರಿಗೂ ೨೫೦ ಮೈಕ್ರೋಗ್ರಾಮ್ ಬೇಕು. ಒಬ್ಬ ಮನುಷ್ಯನು ಎಪ್ಪತ್ತು ವರುಷ ಬದುಕಿದರೂ ಅವನ ಆಯುಷ್ಯಕ್ಕೆಲ್ಲಾ ಬೇಕಾಗುವ ಅಯೋಡಿನ್ನನ್ನು ಕೂಡಿಸಿದರೆ ನಾಲ್ಕು ಗ್ರಾಮು ತುಂಬದು. ಒಂದು ಚಿಕ್ಕ ಚಮಚೆಯೂ ತುಂಬದು. ಆದರೂ ಅದನ್ನು ಒಂದೇ ದಿವಸ ತೆಗೆದಿಟ್ಟುಕೊಳ್ಳುವ ಹಾಗಿಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನವು ದಿನದಿನಕ್ಕೆ ಅಳತೆಯಿಂದ ದೊರೆಯಿತಷ್ಟೆ. ನಾಳೆಗೆಂದು ಇಟ್ಟುಕೊಂಡವರ ಮನ್ನದಲ್ಲಿ ಹುಳಬಿತ್ತು. ಅಯೋಡಿನ್ನೂ ಬಹುಮಟ್ಟಿಗೆ ಹಾಗೆಯೇ. ಗ್ರಂಥಿಯು ಕೆಲವು ತಿಂಗಳುಗಳಿಗೆ ಸಾಕಾಗುವಷ್ಟನ್ನು ಕೂಡಿಸಿಟ್ಟುಕೊಳ್ಳುವದು ನಿಜವಾದರೂ, ಮಿಕ್ಕದ್ದು ಮೂತ್ರದಲ್ಲಿ ಹೋಗುತ್ತದೆ. ಒಮ್ಮೆಲೇ ಬಹಳವಾಗಿ ಬಂದರೆ ಗ್ರಂಥಿಯ ಕ್ರಮವೇ ಕೆಡಬಹುದು.

ಕೊರತೆಯಾದರೆ ಗ್ರಂಥಿಯು ಇದ್ದಷ್ಟನ್ನು ಹೀರಿಕೊಳ್ಳುವದಕ್ಕಾಗಿ ದೊಡ್ಡದಾಗುತ್ತದೆ, ಅದೇ ಗಳಗಂಡ. ಆದರೆ ಕುತ್ತಿಗೆಯ ಗಂಟು ಈ ಕೊರತೆಯ ಫಲಗಳಲ್ಲಿ ಅತಿ ಚಿಕ್ಕದು. ಗರ್ಭದಲ್ಲಿರುವ ಕೂಸಿಗೆ ಮೊದಲಿನ ತಿಂಗಳುಗಳಲ್ಲಿ ತನ್ನ ಸ್ವಂತ ರಸವಿಲ್ಲ. ತಾಯಿಯದನ್ನೇ ನಂಬಿ ಅದರ ಮೆದುಳು ಬೆಳೆಯಬೇಕು. ತಾಯಿಗೆ ಬಹಳ ಕೊರತೆಯಾದರೆ ಗರ್ಭವು ನಿಲ್ಲದೆ ಹೋಗಬಹುದು, ಕೂಸು ಸತ್ತು ಹುಟ್ಟಬಹುದು, ಇಲ್ಲವೆ ಕಿವುಡಾಗಿ, ಮೂಕವಾಗಿ, ಗಿಡ್ಡವಾಗಿ, ಬುದ್ಧಿ ಬೆಳೆಯದೆ ಉಳಿಯಬಹುದು. ಹುಟ್ಟಿದ ಮೇಲೆ ಎಷ್ಟು ಉಪ್ಪು ತಿನ್ನಿಸಿದರೂ ಆ ನಷ್ಟವು ತಿರಿಗಿ ಬಾರದು. ಕೊರತೆಯು ಸ್ವಲ್ಪವೇ ಆದಲ್ಲಿ ಹೊರಗೆ ಏನೂ ಕಾಣಿಸದೆ, ಮಗುವು ಪಾಠದಲ್ಲಿ ಹಿಂದೆಬೀಳುವದುಂಟು. ಅಂಥ ಮಕ್ಕಳನ್ನು ಕಂಡು, ಪಾಪಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಹುಟ್ಟುಕುರುಡನ ವಿಷಯವಾಗಿ ಶಿಷ್ಯರು ಕೇಳಿದ ಪ್ರಶ್ನೆಯನ್ನೇ ನಮ್ಮ ಹಳ್ಳಿಗಳಲ್ಲಿ ಈಗಲೂ ಕೇಳುತ್ತಾರೆ. ಕರ್ತನು ಅದಕ್ಕೆ ಏನು ಉತ್ತರ ಕೊಟ್ಟನೆಂಬದನ್ನು ಯೋಹಾನನ ಸುವಾರ್ತೆಯ ಒಂಭತ್ತನೆಯ ಅಧ್ಯಾಯದಲ್ಲಿ ನೋಡಿಕೊಳ್ಳಲಿ.

೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದ ಮಿಶನೆರಿಗಳನ್ನು ಕಳುಹಿಸಿದ ಬಾಸೆಲ್ ಪಟ್ಟಣವು ಸ್ವಿಟ್ಜರ್ಲೆಂಡ್ ದೇಶದಲ್ಲಿರುವದು. ನಮಗೆ ಸುವಾರ್ತೆಯನ್ನು ಕಳುಹಿಸಿದ ಆ ದೇಶವೇ ಗಳಗಂಡಕ್ಕೆ ಹೆಸರಾಗಿತ್ತೆಂಬದು ಅನೇಕರಿಗೆ ತಿಳಿಯದು. ಹಿಮವೂ ಮಳೆಯೂ ಬೆಟ್ಟದ ಮಣ್ಣಿನೊಳಗಿನ ಅಯೋಡಿನ್ನನ್ನು ತೊಳೆದು ಸಮುದ್ರಕ್ಕೆ ಒಯ್ದಿದ್ದರಿಂದ, ಅಲ್ಲಿಯ ಬೆಳೆಯಲ್ಲಿಯೂ ಹಾಲಿನಲ್ಲಿಯೂ ಅದು ಇರಲಿಲ್ಲ. ೧೮೨೦ರಲ್ಲಿ ಜಿನೇವ ಪಟ್ಟಣದ ಕ್ವಾಂದೆ ಎಂಬ ವೈದ್ಯನು ಗಳಗಂಡದವರಿಗೆ ಅಯೋಡಿನ್ ಕೊಟ್ಟು ಗಂಟು ಇಳಿಯುವದನ್ನು ಪ್ರಕಟಿಸಿದನು. ಕೂಡಲೇ ಜನರು ವೈದ್ಯರನ್ನು ಕೇಳದೆ ಮನಸ್ಸಿಗೆ ಬಂದಷ್ಟು ಕುಡಿದು, ಎದೆಬಡಿತದಿಂದಲೂ ಕೃಶತ್ವದಿಂದಲೂ ನರಳಿದ್ದರಿಂದ ಆ ಔಷಧಕ್ಕೇ ಕೆಟ್ಟ ಹೆಸರು ಬಂದು, ಒಳ್ಳೆಯದೊಂದು ಉಪಾಯವು ಬಹುಕಾಲ ಹಿಂದೆಬಿತ್ತು. ನಮ್ಮ ಸಭೆಯ ತಾಯಿಗೆ ಆದದ್ದು ಇನ್ನೂರು ವರುಷಗಳ ಹಿಂದೆಯೇ ಜಿನೇವದಲ್ಲಿ ಆಗಿತ್ತು! ೧೯೧೮ರಲ್ಲಿ ಬೇಯಾರ್ಡ್ ಎಂಬ ಬೆಟ್ಟದ ಹಳ್ಳಿಗಳ ವೈದ್ಯನು ಅತಿ ಸ್ವಲ್ಪ ಅಯೋಡಿನ್ನನ್ನು ಮನೆಯ ಉಪ್ಪಿನಲ್ಲಿ ಬೆರಸಿ ಕುಟುಂಬಗಳಿಗೆ ಹಂಚಿ, ಕೇಡಿಲ್ಲದೆ ಗಂಟು ಇಳಿಯುವದನ್ನು ತೋರಿಸಿದನು. ೧೯೨೨ರಲ್ಲಿ ಆಪೆನ್ಸೆಲ್ ಸೀಮೆಯಲ್ಲಿ ಅಂಥ ಉಪ್ಪು ಎಲ್ಲರಿಗೂ ಮಾರಾಟಕ್ಕೆ ಬಂತು. ಗುಣವಾದದ್ದು ಬಹಳ ಕೊಟ್ಟದ್ದರಿಂದಲ್ಲ, ಸ್ವಲ್ಪವನ್ನು ಪ್ರತಿದಿನ ಕೊಟ್ಟದ್ದರಿಂದ.

ನಮ್ಮ ದೇಶದಲ್ಲಿ ೧೯೫೦ರ ದಶಕದಲ್ಲಿ ಹಿಮಾಲಯದ ಕಾಂಗ್ರಾ ಕಣಿವೆಯೊಳಗೆ ವೈದ್ಯ ರಾಮಲಿಂಗಸ್ವಾಮಿಯವರೂ ಅವರ ಜೊತೆಕೆಲಸದವರೂ ಕೆಲವು ಹಳ್ಳಿಗಳಿಗೆ ಅಯೋಡಿನ್ ಬೆರಸಿದ ಉಪ್ಪನ್ನೂ ಕೆಲವಕ್ಕೆ ಬರಿಯ ಉಪ್ಪನ್ನೂ ಕೊಟ್ಟು ವ್ಯತ್ಯಾಸವನ್ನು ನೋಡಿದರು. ಅದರ ಫಲವಾಗಿ ಸರಕಾರವು ೧೯೬೨ರಲ್ಲಿ ಗಳಗಂಡ ನಿವಾರಣೆಯ ಕೆಲಸವನ್ನು ಆರಂಭಿಸಿತು. ಇದು ಹಿಮಾಲಯದವರ ರೋಗವೇ ಹೊರತು ನಮ್ಮದಲ್ಲವೆಂದು ಎಣಿಸಬಾರದು. ಚಿಕ್ಕಮಗಳೂರು, ಕೊಡಗು ಮೊದಲಾದ ಮಲೆನಾಡಿನ ಸೀಮೆಗಳಲ್ಲಿಯೂ ಗಳಗಂಡವು ಕಂಡುಬಂದಿದೆ. ಅಷ್ಟೊಂದು ಮಳೆ ಸುರಿಯುವ ಮಣ್ಣಿನಲ್ಲಿ ಅದು ಆಶ್ಚರ್ಯವಲ್ಲ. ಮನುಷ್ಯರ ಆಹಾರಕ್ಕೆ ಅಯೋಡಿನ್ ಇಲ್ಲದ ಉಪ್ಪನ್ನು ಮಾರಬಾರದೆಂಬ ಆಜ್ಞೆಯು ೨೦೦೦ದಲ್ಲಿ ಒಮ್ಮೆ ಹಿಂದೆಗೆಯಲ್ಪಟ್ಟು, ೨೦೦೬ರಿಂದ ತಿರಿಗಿ ನಡೆಯುತ್ತಲಿದೆ. ಆದರೂ ೨೦೧೮-೧೯ರಲ್ಲಿ ದೇಶದ ಮನೆಗಳ ಉಪ್ಪನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು ೭೬ ಮನೆಗಳಲ್ಲಿ ಮಾತ್ರ ತಕ್ಕಷ್ಟು ಅಯೋಡಿನ್ ಇದ್ದಿತು.

ಹೀಗಿರಲಾಗಿ ಒಳ್ಳೆಯ ಮೂಲವು ಯಾವದೆಂದು ಕೇಳಿದರೆ, ಹೆಚ್ಚಿನ ಮನೆಗಳಿಗೆ ಉತ್ತರವು ಅಂಗಡಿಯ ಉಪ್ಪಿನ ಪೊಟ್ಟಣವೇ. ಅದರ ಮೇಲೆ ಅಯೋಡಿನ್ ಸೇರಿಸಿದ ಉಪ್ಪು ಎಂಬ ಮಾತೂ, ತಯಾರಿಸಿದ ತಾರೀಖೂ, ಆಹಾರ ಇಲಾಖೆಯ ಪರವಾನಗಿಯ ಸಂಖ್ಯೆಯೂ ಇರಬೇಕು. ಅನೇಕ ಪೊಟ್ಟಣಗಳ ಮೇಲೆ ನಗುವ ಸೂರ್ಯನ ಚಿತ್ರವೂ ಇರುತ್ತದೆ. ಕೊಳ್ಳುವವನ ಕೈಗೆ ಬರುವಾಗ ಒಂದು ಕಿಲೋ ಉಪ್ಪಿನಲ್ಲಿ ಕಡಿಮೆಯೆಂದರೆ ೧೫ ಮಿಲಿಗ್ರಾಮ್ ಅಯೋಡಿನ್ ಇರಬೇಕೆಂಬದು ಕಟ್ಟಳೆ. ದನಗಳಿಗೆಂದು ಮಾರುವ ಉಪ್ಪಿನಲ್ಲಿ ಇದನ್ನು ಬೆರಸಬೇಕೆಂಬ ಕಟ್ಟಳೆಯಿಲ್ಲ. ಬೆಲೆ ಕಡಿಮೆಯೆಂದು ಆ ಚೀಲದಿಂದ ಅಡಿಗೆಗೂ ತೆಗೆಯುವ ಮನೆಗಳನ್ನು ನಾವು ಬಲ್ಲೆವು. ಉಪ್ಪಿನಕಾಯಿಯು ಕೆಡುವದೆಂಬ ಭಯದಿಂದ ಬರಿಯ ಉಪ್ಪನ್ನು ತರುವವರೂ ಇದ್ದಾರೆ. ಆ ಭಯಕ್ಕೆ ಆಧಾರವಿಲ್ಲ.

ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುವದೆಂದು ಕರಾವಳಿಯವರು ವಾದಿಸುತ್ತಾರೆ. ಲೆಕ್ಕ ಹಾಕಿ ನೋಡೋಣ. ಒಂದು ಲೀಟರು ಕಡಲನೀರಿನಲ್ಲಿ ಸುಮಾರು ೩೫ ಗ್ರಾಮು ಉಪ್ಪೂ, ಸುಮಾರು ೬೦ ಮೈಕ್ರೋಗ್ರಾಮ್ ಅಯೋಡಿನ್ನೂ ಇರುತ್ತವೆ. ಅದೆಲ್ಲವೂ ಹರಳಿನಲ್ಲಿಯೇ ಉಳಿದರೂ ಒಂದು ಕಿಲೋ ಉಪ್ಪಿಗೆ ಎರಡು ಮಿಲಿಗ್ರಾಮು ಆಗದು. ಉಳಿಯುವದಾದರೋ ಅದಕ್ಕಿಂತಲೂ ಕಡಿಮೆ. ಕಟ್ಟಳೆಯು ಕೇಳುವದು ಹದಿನೈದು. ಆದದರಿಂದ ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಗಳ ಉಪ್ಪಾಗಲಿ ಬೇರೆ ಯಾವ ಕಲ್ಲುಪ್ಪಾಗಲಿ, ಬೆರಸಿದೆಯೆಂದು ಪೊಟ್ಟಣದ ಮೇಲೆ ಬರೆದಿದ್ದರೆ ಮಾತ್ರ ಈ ಕೆಲಸಕ್ಕೆ ಯೋಗ್ಯ. ಈಗ ಪಟ್ಟಣಗಳಲ್ಲಿ ಹೆಚ್ಚು ಬೆಲೆಗೆ ಮಾರುವ ಗುಲಾಬಿ ಬಣ್ಣದ ಸೈಂಧವ ಲವಣಕ್ಕೂ ಇದೇ ಮಾತು.

ಒಳ್ಳೆಯ ಉಪ್ಪನ್ನು ತಂದು ಕೆಡಿಸುವದೂ ಸುಲಭ. ಬೆರಸಿದ ಅಯೋಡಿನ್ ಹರಳಿನ ಮೇಲ್ಮೈಯಲ್ಲಿರುವದರಿಂದ ಕಲ್ಲುಪ್ಪನ್ನು ತೊಳೆದರೆ ಅದು ನೀರಿನ ಸಂಗಡ ಹೋಗುತ್ತದೆ. ಒಲೆಯ ಪಕ್ಕದ ತೆರೆದ ಮಡಕೆಯಲ್ಲಿ ಇಟ್ಟರೆ ಮಳೆಗಾಲದ ತೇವಕ್ಕೆ ನೀರೊಡೆದು, ಆ ನೀರಿನೊಡನೆ ಇಳಿದುಹೋಗುತ್ತದೆ. ಮುಚ್ಚಳ ಬಿಗಿಯಾದ ಭರಣಿಯಲ್ಲಿ ಅಥವಾ ಡಬ್ಬಿಯಲ್ಲಿ, ಬಿಸಿಲಿಗೂ ಬೆಂಕಿಗೂ ದೂರವಾಗಿಟ್ಟು, ಒಣಗಿದ ಚಮಚೆಯಿಂದ ತೆಗೆದು, ಸಾರು ಬೆಂದ ಮೇಲೆ ಹಾಕುವದು ಉತ್ತಮ. ಎಲೀಷನು ಹೊಸ ಪಾತ್ರೆಯನ್ನು ಕೇಳಿದ್ದು ಬೇರೆ ಅರ್ಥದಿಂದಾದರೂ, ನಮ್ಮ ಅಕ್ಕತಂಗಿಯರು ಆ ಮಾತನ್ನು ನೆನಸಿದರೆ ನಷ್ಟವಿಲ್ಲ.

ಆದರೆ ಅಯೋಡಿನ್ನಿಗಾಗಿ ಹೆಚ್ಚು ಉಪ್ಪನ್ನು ತಿನ್ನಬೇಕೆಂದು ಯಾರೂ ತಿಳಿಯಬಾರದು. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಿಕ್ಕ ಚಮಚೆಯೊಳಗೆ, ಉಪ್ಪು ಸಾಕೆಂದು ವೈದ್ಯರು ಹೇಳುತ್ತಾರೆ. ನಾವು ಸಾಮಾನ್ಯವಾಗಿ ಅದನ್ನು ಮೀರಿಯೇ ಇದ್ದೇವೆ. ಕಿಲೋವಿಗೆ ೩೦ ಮಿಲಿಗ್ರಾಮ್ ಇರುವ ಉಪ್ಪಿನ ಐದು ಗ್ರಾಮಿನಲ್ಲಿ ೧೫೦ ಮೈಕ್ರೋಗ್ರಾಮೂ, ೧೫ ಇರುವದರಲ್ಲಿ ೭೫ ಮೈಕ್ರೋಗ್ರಾಮೂ ದೊರೆಯುತ್ತದೆ. ಮಿಕ್ಕದ್ದು ಹಾಲು, ಮೊಸರು, ಮೊಟ್ಟೆ, ಕಡಲಮೀನು ಇವುಗಳಿಂದ ಬರತಕ್ಕದ್ದು. ರಕ್ತದ ಒತ್ತಡದವರು ಉಪ್ಪನ್ನು ಕಡಿಮೆಮಾಡಲಿ. ತಿನ್ನುವ ಸ್ವಲ್ಪವು ಅಯೋಡಿನ್ ಉಳ್ಳದ್ದಾಗಿರಲಿ.

ಮಾತ್ರೆಯು ಯಾರಿಗೆ ಬೇಕು? ಹಾಲು, ಮೀನು, ಮೊಟ್ಟೆಗಳನ್ನು ಮುಟ್ಟದವರಿಗೂ, ಉಪ್ಪನ್ನು ಬಹಳವಾಗಿ ಬಿಟ್ಟವರಿಗೂ, ಕೆಲವು ಗರ್ಭಿಣಿಯರಿಗೂ ವೈದ್ಯರು ಅದನ್ನು ಹೇಳಬಹುದು. ಆರೋಗ್ಯಕೇಂದ್ರದಲ್ಲಿ ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಅಯೋಡಿನ್ ಇಲ್ಲವೆಂಬದು ತಿಳಿದಿರಲಿ. ಗರ್ಭ ನಿಂತಿತೆಂದು ತಿಳಿದ ಕೂಡಲೇ, ಸಾಧ್ಯವಾದರೆ ಅದಕ್ಕೆ ಮುಂಚೆಯೇ, ಮನೆಯ ಉಪ್ಪು ಎಂಥದ್ದೆಂದು ವೈದ್ಯರಿಗೆ ತಿಳಿಸಿ ಕೇಳಬೇಕು. ಕೊಳ್ಳುವದಾದರೆ ಪೊಟಾಸಿಯಮ್ ಅಯೋಡೈಡ್ ಎಂದು ಹೆಸರು ಬರೆದು, ಒಂದು ಮಾತ್ರೆಯಲ್ಲಿ ಎಷ್ಟು ಮೈಕ್ರೋಗ್ರಾಮ್ ಅಯೋಡಿನ್ ಇದೆಯೆಂಬದನ್ನು ಸ್ಪಷ್ಟವಾಗಿ ಕಾಣಿಸಿ, ಅದು ೧೫೦ನ್ನು ಮೀರದಿರುವದನ್ನು ಆರಿಸಬೇಕು. ಬೇರೆ ಸತ್ವದ ಮಾತ್ರೆಯನ್ನು ಆಗಲೇ ನುಂಗುತ್ತಿದ್ದರೆ ಅದರ ಚೀಟಿಯನ್ನೂ ಓದಿ ಎರಡನ್ನೂ ಕೂಡಿಸಿ ನೋಡಬೇಕು. ಚೀಟಿಯ ಮೇಲೆ ಮೈಕ್ರೋ ಎಂದಿದೆಯೋ ಮಿಲಿ ಎಂದಿದೆಯೋ ಎಂದು ಎರಡು ಸಾರಿ ನೋಡತಕ್ಕದ್ದು. ಒಂದು ಮಿಲಿಗ್ರಾಮ್ ಅಂದರೆ ಸಾವಿರ ಮೈಕ್ರೋಗ್ರಾಮ್. ೧೨.೫ ಮಿಲಿಗ್ರಾಮಿನ ಮಾತ್ರೆಗಳನ್ನು ಮಾರುವವರಿದ್ದಾರೆ. ಅಂಥ ಒಂದರಲ್ಲಿ ಎಂಭತ್ತಮೂರು ದಿವಸಗಳ ಪಾಲು ಇದೆ! ದೊಡ್ಡವರು ವೈದ್ಯರ ಮಾತಿಲ್ಲದೆ ದಿನವೊಂದಕ್ಕೆ ಮೀರಬಾರದ ಗಡಿಯನ್ನು ಯೂರೋಪಿನ ಪಂಡಿತರು ೬೦೦ ಎಂದೂ, ಅಮೇರಿಕದವರು ೧,೧೦೦ ಮೈಕ್ರೋಗ್ರಾಮ್ ಎಂದೂ ಇಟ್ಟಿದ್ದಾರೆ. ಮಕ್ಕಳಿಗೆ ಇನ್ನೂ ಕಡಿಮೆ.

ಕಡಲಪಾಚಿಯ ಪುಡಿಯನ್ನೂ ತೊಟ್ಟುಗಳನ್ನೂ ನಾವು ಈಗ ಯಾರಿಗೂ ಹೇಳುವದಿಲ್ಲ. ಕಾರಣವೇನಂದರೆ ಅದರ ಅಳತೆಯು ಯಾರ ಕೈಯಲ್ಲಿಯೂ ಇಲ್ಲ. ಒಣಗಿದ ಪಾಚಿಯ ಒಂದು ಗ್ರಾಮಿನಲ್ಲಿ, ಅದರ ಜಾತಿಯ ಮೇರೆಗೆ, ಹದಿನೈದಿಪ್ಪತ್ತು ಮೈಕ್ರೋಗ್ರಾಮು ಇರಬಹುದು, ಕೆಲವು ಸಾವಿರವೂ ಇರಬಹುದು. ಲೂಗೋಲ್ ದ್ರಾವಣವೆಂಬದರ ಬಲವಾದ ಬಗೆಯ ಒಂದೇ ತೊಟ್ಟಿನಲ್ಲಿ ಆರು ಮಿಲಿಗ್ರಾಮಿಗಿಂತ ಹೆಚ್ಚು, ಅಂದರೆ ನಲವತ್ತು ದಿವಸಗಳದ್ದು, ಇರುತ್ತದೆ. ಅದು ಶಸ್ತ್ರವೈದ್ಯರ ಕೈಯಲ್ಲಿರತಕ್ಕ ವಸ್ತು. ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ನನ್ನು ಎಂದಿಗೂ ಕುಡಿಯಬಾರದು. ಕೈಗಾ ಅಣುಕೇಂದ್ರದಂಥ ಸ್ಥಳಗಳಲ್ಲಿ ಆಪತ್ತು ಬಂದರೆ ಕೊಡತಕ್ಕ ೧೩೦ ಮಿಲಿಗ್ರಾಮಿನ ಮಾತ್ರೆಯು ಬೇರೆಯೇ ಕೆಲಸದ್ದು; ಅದು ಅಧಿಕಾರಿಗಳ ಅಪ್ಪಣೆಯಾದಾಗ ಮಾತ್ರ ನುಂಗುವಂಥದು, ಸತ್ವಕ್ಕಾಗಿ ಅಲ್ಲ.

ಕುತ್ತಿಗೆಯಲ್ಲಿ ಹಳೆಯ ಗಂಟಿರುವವರೂ, ವೃದ್ಧರೂ, ಥೈರಾಯ್ಡಿನ ರೋಗವು ಮನೆತನದಲ್ಲಿರುವವರೂ, ಹೃದಯಕ್ಕೂ ರಕ್ತದ ಒತ್ತಡಕ್ಕೂ ಔಷಧ ತೆಗೆದುಕೊಳ್ಳುವವರೂ, ಮನೋರೋಗಕ್ಕೆ ಲಿಥಿಯಮ್ ನುಂಗುವವರೂ ಅಯೋಡಿನ್ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ಆರಂಭಿಸಬಾರದು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಯ್ಡಿನ ಮಾತ್ರೆ ನುಂಗುವ ಸಹೋದರಿಯರು ಅದನ್ನು ಬಿಟ್ಟು ಇದನ್ನು ಹಿಡಿಯಬಾರದು. ಒಂದು ಇನ್ನೊಂದಕ್ಕೆ ಬದಲಲ್ಲ. ಹಾಗೆಂದು ಅವರು ಅಡಿಗೆಯ ಉಪ್ಪನ್ನು ಬದಲಾಯಿಸಬೇಕಾದದ್ದೂ ಸಾಮಾನ್ಯವಾಗಿ ಇಲ್ಲ; ವೈದ್ಯರು ಬೇರೆ ಹೇಳಿದರೆ ಹಾಗೆ ಮಾಡಲಿ. ಹೊಸದಾಗಿ ತೆಗೆದುಕೊಳ್ಳತೊಡಗಿದ ಯಾರಿಗಾದರೂ ಎದೆಬಡಿತ, ಕೈನಡುಕ, ಕಾರಣವಿಲ್ಲದೆ ಸೊರಗುವದು, ಇಲ್ಲವೆ ಅದಕ್ಕೆ ವಿರೋಧವಾಗಿ ಬಹಳ ಆಯಾಸ, ಮೈ ಊದುವದು, ಕುತ್ತಿಗೆ ದಪ್ಪವಾಗುವದು, ಬಾಯಲ್ಲಿ ಲೋಹದ ರುಚಿ ಕಾಣಿಸಿದರೆ ಸೀಸೆಯನ್ನು ನಿಲ್ಲಿಸಿ, ಅದನ್ನೇ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಬೇಕು.

ಉಪ್ಪನ್ನು ಪರೀಕ್ಷಿಸುವದಕ್ಕೆ ಒಂದು ಚಿಕ್ಕ ಸಾಧನವುಂಟು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದೊರೆಯಬಹುದು. ಅದರ ಒಂದು ತೊಟ್ಟನ್ನು ಉಪ್ಪಿನ ಮೇಲೆ ಹಾಕಿದರೆ ಅಯೋಡಿನ್ ಇದ್ದಲ್ಲಿ ನೇರಿಳೆ ಬಣ್ಣ ಬರುತ್ತದೆ. ಸರಿಯಾದ ಅಳತೆಯನ್ನು ಹೇಳದಿದ್ದರೂ ಉಂಟೋ ಇಲ್ಲವೋ ಎಂಬದನ್ನು ಹೇಳುತ್ತದೆ. ಈಸ್ಟರ್ ಹಬ್ಬವಾದ ಮೇಲೆ ಒಂದು ಆದಿತ್ಯವಾರ ಆರಾಧನೆ ಮುಗಿದ ನಂತರ, ಪ್ರತಿ ಮನೆಯಿಂದ ಒಂದೊಂದು ಚಿಟಿಕೆ ಉಪ್ಪನ್ನು ಕಾಗದದಲ್ಲಿ ಕಟ್ಟಿ ತರಹೇಳಿ ನಾವು ಇದನ್ನು ಮಾಡಿ ನೋಡಿದೆವು. ಮೂರು ಮನೆಗಳ ಉಪ್ಪು ಬೆಳ್ಳಗೇ ಉಳಿಯಿತು. ಅವುಗಳಲ್ಲಿ ಒಂದು ನಮ್ಮದೇ. ಉಪ್ಪಿನಕಾಯಿಗೆಂದು ಗಾಡಿಯವನಿಂದ ಕೊಂಡ ಕಲ್ಲುಪ್ಪು ಯಾವಾಗಲೋ ಅಡಿಗೆಯ ಮಡಕೆಗೆ ಸೇರಿತ್ತು. ಮರುದಿವಸ ನಾವು ಅಂಗಡಿಯಿಂದ ಬೇರೆ ಉಪ್ಪನ್ನೂ ಮುಚ್ಚಳದ ಭರಣಿಯನ್ನೂ ತಂದೆವು, ಕಲ್ಲುಪ್ಪು ದನದ ಕಲಗಚ್ಚಿಗೆ ಹೋಯಿತು.